ಜಾವಾದಿಂದ ಗೋಗೆ: ಯಾವ ಕೆಲಸ ಯಾರ ತಲೆ ಮೇಲೆ ಬೀಳುತ್ತದೆ?

ಬೆಂಗಳೂರಿನ ಬ್ಯಾಕೆಂಡ್ ಟೀಮ್‌ಗಳಲ್ಲಿ ಈ ಮಾತು ಆಗಾಗ ಕೇಳಿಬರುತ್ತದೆ. ಆರೇಳು ವರ್ಷ ಜಾವಾ, ಅದರ ಫ್ರೇಮ್‌ವರ್ಕ್ ಸ್ಪ್ರಿಂಗ್ ಬೂಟ್ ಅಂತ ನೆಮ್ಮದಿಯಾಗಿ ಇದ್ದವರ ಹತ್ತಿರ ಮ್ಯಾನೇಜರ್ ಬಂದು, ಮುಂದಿನ ಕ್ವಾರ್ಟರ್‌ನಿಂದ ಹೊಸ ಸರ್ವಿಸ್‌ಗಳನ್ನೆಲ್ಲ ಗೋ ಭಾಷೆಯಲ್ಲಿ ಬರೆಯೋಣ, ಕಲಿಯೋಕೆ ಎರಡು ವಾರ ಸಾಕಲ್ವಾ, ಎನ್ನುತ್ತಾರೆ. ಎರಡು ವಾರ ಸಾಕು ಎನ್ನುವುದು ಒಂದು ಮಟ್ಟಿಗೆ ನಿಜವೇ. ಗೋದಲ್ಲಿ ಇರುವುದು 25 ಕೀವರ್ಡ್ ಮಾತ್ರ. ಲೂಪ್‌ಗೆ 'ಫಾರ್' ಒಂದೇ, 'ವೈಲ್' ಇಲ್ಲ. ಕ್ಲಾಸ್ ಇಲ್ಲ, ಇನ್‌ಹೆರಿಟೆನ್ಸ್ ಇಲ್ಲ, ಟ್ರೈ-ಕ್ಯಾಚ್ ಇಲ್ಲ. ಶನಿವಾರ, ಭಾನುವಾರ ಕೂತು ಗೋ ತಂಡದ್ದೇ ಟ್ಯುಟೋರಿಯಲ್ ಮುಗಿಸಿದರೆ ಸೋಮವಾರ ಬೇರೆಯವರ ಕೋಡ್ ಓದಿ ಏನು ನಡೀತಿದೆ ಅಂತ ಹೇಳಬಹುದು.

ತೊಂದರೆ ಶುರುವಾಗುವುದು ಅದಾದ ಮೇಲೆ. ಕೋಡ್ ಕಂಪೈಲ್ ಆಗುತ್ತದೆ, ಟೆಸ್ಟ್ ಪಾಸ್ ಆಗುತ್ತದೆ, ರಿವ್ಯೂನಲ್ಲಿ ಯಾರೋ ಬಂದು "ಇದು ಗೋ ಅಲ್ಲ, ಗೋ ವೇಷ ಹಾಕಿದ ಜಾವಾ" ಎನ್ನುತ್ತಾರೆ. ಇನ್ನೂ ಕೆಟ್ಟದ್ದೆಂದರೆ, ಯಾರೂ ಏನೂ ಹೇಳದೆ ಅದು ಪ್ರೊಡಕ್ಷನ್‌ಗೆ ಹೋಗಿ, ತಿಂಗಳ ನಂತರ ರಾತ್ರಿ ಎರಡು ಗಂಟೆಗೆ ಬಿದ್ದುಹೋಗುತ್ತದೆ.

ಯಾಕೆ ಹೀಗೆ? ಯಾವ ಭಾಷೆ ತೆಗೆದುಕೊಂಡರೂ ಅಲ್ಲಿ ಕೆಲಸ ನಾಲ್ಕು ಕಡೆ ಹಂಚಿಹೋಗಿರುತ್ತದೆ. ಸ್ವಲ್ಪ ಕಂಪೈಲರ್ ನೋಡಿಕೊಳ್ಳುತ್ತದೆ, ಸ್ವಲ್ಪ ಪ್ರೋಗ್ರಾಮ್ ಓಡುವಾಗ ಜೊತೆಗಿರುವ ರನ್‌ಟೈಮ್, ಸ್ವಲ್ಪ ಸ್ಪ್ರಿಂಗ್‌ನಂಥ ಫ್ರೇಮ್‌ವರ್ಕ್, ಉಳಿದದ್ದು ನೀವು. ವರ್ಷಗಟ್ಟಲೆ ಒಂದೇ ಭಾಷೆಯಲ್ಲಿ ಇದ್ದರೆ ಈ ಹಂಚಿಕೆ ಕಣ್ಣಿಗೇ ಕಾಣುವುದಿಲ್ಲ. ಹೊಸ ಬಾಡಿಗೆ ಮನೆಗೆ ಹೋದವರ ಕೈ ಕತ್ತಲಲ್ಲಿ ಹಳೇ ಮನೆಯ ಸ್ವಿಚ್ ಇದ್ದ ಕಡೆಗೇ ಹೋಗುತ್ತದೆ ನೋಡಿ, ಹಾಗೆ. ಹಾಗಾಗಿ ಹೊಸ ಭಾಷೆಗೆ ಬಂದಾಗ ಕೇಳಬೇಕಾದ ಪ್ರಶ್ನೆ, ಇದನ್ನು ಇಲ್ಲಿ ಹೇಗೆ ಬರೆಯುತ್ತಾರೆ ಎನ್ನುವುದಕ್ಕಿಂತ, ಇದನ್ನು ಅಲ್ಲಿ ಯಾರು ನೋಡಿಕೊಳ್ಳುತ್ತಿದ್ದರು, ಇಲ್ಲಿ ಯಾರು ನೋಡಿಕೊಳ್ಳುತ್ತಾರೆ ಎನ್ನುವುದು. ಈ ಲೇಖನ ಪೂರ್ತಿ ಆ ಒಂದು ಪ್ರಶ್ನೆಯನ್ನೇ ಜಾವಾದಿಂದ ಗೋಗೆ ಬರುವವರ ಪರವಾಗಿ ಕೇಳುತ್ತದೆ. ಪೈಥಾನ್‌ನಿಂದಲೋ ಸಿ ಶಾರ್ಪ್‌ನಿಂದಲೋ ಬರುವವರಿಗೆ ಉತ್ತರಗಳು ಸ್ವಲ್ಪ ಬೇರೆ ಇರುತ್ತವೆ.

ಗೋ ಹೀಗಿರುವುದಕ್ಕೆ ಕಾರಣ

2007ರಲ್ಲಿ ಗೂಗಲ್‌ನಲ್ಲಿ ರಾಬರ್ಟ್ ಗ್ರೀಸೆಮರ್, ರಾಬ್ ಪೈಕ್, ಕೆನ್ ಥಾಂಪ್ಸನ್ ಮೂವರು ಇದನ್ನು ಶುರು ಮಾಡಿದರು. ಥಾಂಪ್ಸನ್ ಯುನಿಕ್ಸ್ ಕಟ್ಟಿದವರಲ್ಲಿ ಒಬ್ಬರು. ಅಲ್ಲಿನ ಒಂದು ದೊಡ್ಡ ಸಿ ಪ್ಲಸ್ ಪ್ಲಸ್ ಪ್ರೋಗ್ರಾಮ್ ಬಿಲ್ಡ್ ಆಗಲು ಮುಕ್ಕಾಲು ಗಂಟೆ ಹಿಡಿಯುತ್ತಿತ್ತು, ಹಾಗೆ ಕಾಯುತ್ತಾ ಕೂತಾಗಲೇ ಈ ಯೋಚನೆ ಹುಟ್ಟಿದ್ದು ಎಂದು ಪೈಕ್ ಹೇಳಿಕೊಂಡಿದ್ದಾರೆ. 2009ರ ನವೆಂಬರ್‌ನಲ್ಲಿ ಅದು ಓಪನ್ ಸೋರ್ಸ್ ಆಯಿತು, 2012ರ ಮಾರ್ಚ್‌ನಲ್ಲಿ 1.0 ಬಂತು. ಬೇಗ ಕಂಪೈಲ್ ಆಗಬೇಕು, ನೂರಾರು ಜನ ಒಂದೇ ಕೋಡ್ ಮೇಲೆ ಕೆಲಸ ಮಾಡಿದರೂ ಎಲ್ಲರಿಗೂ ಓದಲು ಬರಬೇಕು, ಭಾಷೆಯಲ್ಲಿ ಬುದ್ಧಿವಂತಿಕೆ ತೋರಿಸಲು ಜಾಸ್ತಿ ಜಾಗ ಇರಬಾರದು ಎನ್ನುವುದು ಅವರ ಗುರಿ. ಬಳಸದ ಇಂಪೋರ್ಟ್ ಇದ್ದರೆ ಕಂಪೈಲ್ ಆಗುವುದೇ ಇಲ್ಲ ಎಂಬ ಕಿರಿಕಿರಿ ಬರುವುದೂ ಅಲ್ಲಿಂದಲೇ. ಕೋಡ್ ಜೋಡಿಸುವ ಶೈಲಿಯನ್ನು ಭಾಷೆಯ ಜೊತೆ ಬರುವ ಟೂಲ್ ಒಂದೇ ನಿರ್ಧರಿಸುತ್ತದೆ, ಟ್ಯಾಬ್‌ ಬೇಕಾ ಸ್ಪೇಸ್ ಬೇಕಾ ಎಂಬ ಜಗಳಕ್ಕೆ ಅವಕಾಶವೇ ಇಲ್ಲ. ಇದೊಂದು ಕೆಲಸ ನಿಮ್ಮ ತಲೆಯಿಂದ ಇಳಿಯಿತು. ಇಳಿಯುವುದು ಇಷ್ಟೇ ಅಂತಲ್ಲ, ಆದರೆ ಏರುವುದೇ ಜಾಸ್ತಿ.

ಎರರ್: ಗಾಳಿಯಲ್ಲಿ ಹಾರುತ್ತಿದ್ದದ್ದು ಕೈಗೆ ಬರುತ್ತದೆ

ಜಾವಾದಲ್ಲಿ ಕೆಳಗೆಲ್ಲೋ ಡೇಟಾಬೇಸ್ ಕೈಕೊಟ್ಟರೆ ಎಕ್ಸೆಪ್ಷನ್ ಎದ್ದು, ನಿಮ್ಮ ಹತ್ತು ಫಂಕ್ಷನ್‌ಗಳನ್ನು ದಾಟಿ ಮೇಲಕ್ಕೆ ಹಾರುತ್ತದೆ. ಮೇಲೆ ಸ್ಪ್ರಿಂಗ್ ಅದನ್ನು ಹಿಡಿದು 500 ಎಂದು ಉತ್ತರ ಕಳಿಸುತ್ತದೆ. ದಾರಿಯಲ್ಲಿ ಟ್ರಾನ್ಸಾಕ್ಷನ್ ಅನ್ನೋಟೇಶನ್ ಇದ್ದರೆ ರೋಲ್‌ಬ್ಯಾಕ್ ಕೂಡ ಆಗಿರುತ್ತದೆ. ಲಾಗ್‌ನಲ್ಲಿ ಯಾವ ಫೈಲ್, ಯಾವ ಸಾಲು ಅಂತ ಪೂರ್ತಿ ಸ್ಟ್ಯಾಕ್ ಟ್ರೇಸ್ ಸಿಗುತ್ತದೆ. ಇದರಲ್ಲಿ ನೀವು ಬರೆದದ್ದು ಬಹುಶಃ ಒಂದು ಅನ್ನೋಟೇಶನ್.

ಗೋದಲ್ಲಿ ಎರರ್ ಎಂದರೆ ಸಾಮಾನ್ಯ ವ್ಯಾಲ್ಯೂ. ಫಂಕ್ಷನ್ ಎರಡು ವಾಪಸ್ ಕೊಡುತ್ತದೆ: ಉತ್ತರ ಒಂದು, ಎರರ್ ಒಂದು. ಎರರ್ ನಿಲ್ (ಜಾವಾದ ನಲ್ ಥರ, ಏನೂ ಇಲ್ಲ ಎಂದರ್ಥ) ಅಲ್ಲದಿದ್ದರೆ ಏನು ಮಾಡಬೇಕೆಂದು ನೀವು ಅಲ್ಲೇ ಬರೆಯಬೇಕು. ಪ್ರತಿ ಕರೆಯ ಕೆಳಗೂ ಅದೇ ಮೂರು ಸಾಲು. ಜಾವಾದಿಂದ ಬಂದವರಿಗೆ ಮೊದಲ ವಾರ ಇದು ಹಿಂಸೆ. ಕೆಲವರು ಜಾಣತನ ಮಾಡಿ, ಎರರ್ ಬಂದರೆ ಪ್ಯಾನಿಕ್ ಮಾಡಿ (ಅಲ್ಲೇ ಕೆಲಸ ಕೈಬಿಟ್ಟು) ಮೇಲೆಲ್ಲೋ ರಿಕವರ್ ಮಾಡುವ (ಹಿಡಿದುಕೊಳ್ಳುವ) ಒಂದು ಚಿಕ್ಕ ಹೆಲ್ಪರ್ ಬರೆದುಕೊಳ್ಳುತ್ತಾರೆ, ಅಂದರೆ ಎಕ್ಸೆಪ್ಷನ್ ಅನ್ನು ಹಿಂಬಾಗಿಲಿನಿಂದ ಒಳಗೆ ತರುತ್ತಾರೆ. ದಯವಿಟ್ಟು ಬೇಡ. ಮುಂದೆ ಆ ಕೋಡ್ ಓದುವ ಯಾವ ಗೋ ಡೆವಲಪರ್ ಕೂಡ ಅದನ್ನು ನಿರೀಕ್ಷಿಸಿರುವುದಿಲ್ಲ. ಈ ಮೂರು ಸಾಲನ್ನು ಚಿಕ್ಕದು ಮಾಡುವ ಹೊಸ ಸಿಂಟ್ಯಾಕ್ಸ್ ಬರುತ್ತದೆ ಎಂದು ಕಾಯುವುದೂ ಬೇಡ. ಹಲವು ಪ್ರಸ್ತಾಪಗಳನ್ನು ನೋಡಿದ ಮೇಲೆ, ಸದ್ಯಕ್ಕೆ ಆ ದಾರಿಯಲ್ಲಿ ಮುಂದುವರಿಯುವುದಿಲ್ಲ ಎಂದು ಗೋ ತಂಡವೇ 2025ರ ಜೂನ್‌ನಲ್ಲಿ ಹೇಳಿಬಿಟ್ಟಿದೆ.

ಆ ಮೂರು ಸಾಲು ಬರೆಯುವುದು ಅಭ್ಯಾಸವಾಗುತ್ತದೆ ಬಿಡಿ. ಅಭ್ಯಾಸವಾಗದೇ ಉಳಿಯುವುದು ಬೇರೆ. ಗೋದ ಎರರ್ ಜೊತೆ ಸ್ಟ್ಯಾಕ್ ಟ್ರೇಸ್ ಬರುವುದಿಲ್ಲ. ನೀವು ಬಂದ ಎರರ್ ಅನ್ನು ಹಾಗೇ ಮೇಲಕ್ಕೆ ದಾಟಿಸುತ್ತಾ ಹೋದರೆ, ಕೊನೆಗೆ ಲಾಗ್‌ನಲ್ಲಿ "ಕನೆಕ್ಷನ್ ರಿಫ್ಯೂಸ್ಡ್" ಎಂಬ ಒಂದು ಸಾಲು ಮಾತ್ರ ಇರುತ್ತದೆ. ಯಾವ ಕನೆಕ್ಷನ್? ಯಾರು ಕರೆದಾಗ? ದೇವರಿಗೇ ಗೊತ್ತು. ಅದಕ್ಕೇ ಪ್ರತಿ ಹಂತದಲ್ಲೂ ಎರರ್‌ಗೆ ಒಂದು ಮಾತು ಸೇರಿಸಿ ಸುತ್ತಿ ಕಳಿಸಬೇಕು. ಸರಿಯಾಗಿ ಮಾಡಿದರೆ ಲಾಗ್ ಸಾಲು "ಆರ್ಡರ್ 4512 ಸೇವ್ ಮಾಡುವಾಗ: ಪೇಮೆಂಟ್ ಟೇಬಲ್‌ಗೆ ಬರೆಯುವಾಗ: ಕನೆಕ್ಷನ್ ರಿಫ್ಯೂಸ್ಡ್" ಅಂತ ಓದಿಸಿಕೊಳ್ಳುತ್ತದೆ. ನನ್ನ ಕೇಳಿದರೆ ಅರವತ್ತು ಸಾಲಿನ ಸ್ಟ್ಯಾಕ್ ಟ್ರೇಸ್‌ಗಿಂತ ಇದೇ ಚೆನ್ನ, ಯಾಕೆಂದರೆ ಇದರಲ್ಲಿ ಆರ್ಡರ್ ನಂಬರ್ ಇದೆ. ಆದರೆ ಮೊದಲು ಜೆವಿಎಂ (ಜಾವಾದ ರನ್‌ಟೈಮ್) ಸುಮ್ನೆ ಮಾಡಿಕೊಡುತ್ತಿದ್ದ ಕೆಲಸ ಈಗ ನಿಮ್ಮದು. ಹೀಗೆ ಸುತ್ತಿದ ಎರರ್‌ನ ಒಳಗೆ ಮೂಲ ಎರರ್ ಯಾವುದು ಎಂದು ಹುಡುಕುವ ವ್ಯವಸ್ಥೆ 2019ರ ಗೋ 1.13 ವರ್ಷನ್‌ನಿಂದ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲೇ ಇದೆ. ಅದಕ್ಕೆ ಬೇರೆ ಪ್ಯಾಕೇಜ್ ಹುಡುಕಬೇಡಿ.

ಇನ್ನೊಂದು ವಿಚಿತ್ರ. ಬಳಸದ ವೇರಿಯಬಲ್ ಕಂಡರೆ ರಂಪ ಮಾಡುವ ಇದೇ ಕಂಪೈಲರ್, ನೀವು ಒಂದು ಫಂಕ್ಷನ್ ಕರೆದು ಅದು ಕೊಟ್ಟ ಎರರ್ ಅನ್ನು ಕೈಗೇ ತೆಗೆದುಕೊಳ್ಳದಿದ್ದರೆ ಚಕಾರ ಎತ್ತುವುದಿಲ್ಲ. ಜಾವಾದ ಚೆಕ್ಡ್ ಎಕ್ಸೆಪ್ಷನ್ ಅನ್ನು ಎಲ್ಲರೂ ಬೈದದ್ದೇ ಬೈದದ್ದು, ಆದರೆ ಅಲ್ಲಿ ಕಂಪೈಲರ್ ಬಿಡುತ್ತಿರಲಿಲ್ಲ ಅಲ್ವಾ. ಇಲ್ಲಿ ಆ ಕಾವಲಿಗೆ ಲಿಂಟರ್, ಅಂದರೆ ಕೋಡ್ ಓದಿ ತಪ್ಪು ಹುಡುಕುವ ಟೂಲ್, ಹಾಕಿಕೊಳ್ಳಬೇಕು. ಮೊದಲ ದಿನವೇ, ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ನಿಮ್ಮ ಸಿಐ ಪೈಪ್‌ಲೈನ್‌ಗೆ ಗೋಲಾಂಗ್‌ಸಿಐ-ಲಿಂಟ್ ಸೇರಿಸಿ, ಆಮೇಲೆ ಮಿಕ್ಕ ಮಾತು.

ಟ್ರಾನ್ಸಾಕ್ಷನ್ ಕತೆಯೂ ಇದೇ. ಅನ್ನೋಟೇಶನ್ ಇಲ್ಲ. ನೀವೇ ಶುರು ಮಾಡಬೇಕು, ಶುರುವಾದ ಕೂಡಲೇ ಮುಂದಿನ ಸಾಲಲ್ಲಿ 'ಡಿಫರ್' (ಫಂಕ್ಷನ್ ಮುಗಿಯುವಾಗ ಓಡಲಿ ಎಂದರ್ಥ) ಹಾಕಿ ರೋಲ್‌ಬ್ಯಾಕ್ ಬರೆದಿಡಬೇಕು, ಎಲ್ಲ ಸರಿಹೋದರೆ ಕೊನೆಗೆ ಕಮಿಟ್. ಕಮಿಟ್ ಆದ ಮೇಲೆ ಆ ರೋಲ್‌ಬ್ಯಾಕ್ ಓಡಿದರೂ ಅಪಾಯವಿಲ್ಲ, ಮುಗಿದುಹೋಗಿದೆ ಎಂಬ ಎರರ್ ಕೊಟ್ಟು ಸುಮ್ಮನಾಗುತ್ತದೆ.

ಖಾಲಿ ಎಂದರೆ ಸೊನ್ನೆಯಾ, ಇಲ್ಲವೇ ಇಲ್ಲವಾ?

ಜಾವಾದಲ್ಲಿ ರಿಕ್ವೆಸ್ಟ್ ಡೇಟಾ ಹೊತ್ತು ತರುವ ಡಿಟಿಒ ಕ್ಲಾಸ್‌ನ ಇಂಟಿಜರ್ ಫೀಲ್ಡ್‌ಗೆ ಜೇಸನ್‌ನಲ್ಲಿ ಏನೂ ಬರದಿದ್ದರೆ ಅದು ನಲ್. ಬಳಸಲು ಹೋದರೆ ಢಮಾರ್, ನಲ್ ಪಾಯಿಂಟರ್ ಎಕ್ಸೆಪ್ಷನ್. ಕೆಟ್ಟದ್ದು ನಿಜ, ಆದರೆ ಸದ್ದು ಮಾಡಿ ಕೆಡುತ್ತದೆ. ಗೋದಲ್ಲಿ ಪ್ರತಿ ವೇರಿಯಬಲ್‌ಗೂ ಒಂದು ಶೂನ್ಯ ಬೆಲೆ ಇದ್ದೇ ಇರುತ್ತದೆ: ಸಂಖ್ಯೆಗೆ 0, ಸ್ಟ್ರಿಂಗ್‌ಗೆ ಖಾಲಿ ಸ್ಟ್ರಿಂಗ್, ಬೂಲಿಯನ್‌ಗೆ ಫಾಲ್ಸ್. ರಿಕ್ವೆಸ್ಟ್‌ನಲ್ಲಿ ರಿಯಾಯಿತಿ ಎಂಬ ಫೀಲ್ಡ್ ಬರಲೇ ಇಲ್ಲ ಎನ್ನುವುದಕ್ಕೂ, ರಿಯಾಯಿತಿ 0 ಎಂದು ಬಂತು ಎನ್ನುವುದಕ್ಕೂ ನಿಮ್ಮ ಕೋಡ್‌ಗೆ ವ್ಯತ್ಯಾಸ ಕಾಣುವುದಿಲ್ಲ. ಪ್ರೊಫೈಲ್ ಅಪ್‌ಡೇಟ್ ಮಾಡುವ ಎಪಿಐ ಬರೆದರೆ ಗ್ರಾಹಕ ಕಳಿಸದ ಫೀಲ್ಡ್‌ಗಳೆಲ್ಲ ಸದ್ದಿಲ್ಲದೆ ಖಾಲಿಯಾಗಿ ಡೇಟಾಬೇಸ್ ಸೇರುತ್ತವೆ. ವ್ಯತ್ಯಾಸ ಮುಖ್ಯವಾದ ಕಡೆ ಫೀಲ್ಡ್ ಅನ್ನು ಪಾಯಿಂಟರ್ ಮಾಡಿ. ಎಲ್ಲ ಕಡೆ ಮಾಡಬೇಡಿ, ಮಾಡಿದರೆ ಜಾವಾದ ನಲ್ ಪಾಯಿಂಟರ್ ಸಂಸಾರವನ್ನೇ ಇಲ್ಲಿಗೂ ಕರೆದುಕೊಂಡು ಬಂದಂತೆ.

ನಿಲ್ ಕೂಡ ಒಂದೇ ಥರ ನಡೆದುಕೊಳ್ಳುವುದಿಲ್ಲ. ನಿಲ್ ಸ್ಲೈಸ್‌ಗೆ (ಸ್ಲೈಸ್ ಎಂದರೆ ಗೋದ ಪಟ್ಟಿ) ಅಪೆಂಡ್ ಮಾಡಬಹುದು, ಏನೂ ಆಗಲ್ಲ. ನಿಲ್ ಮ್ಯಾಪ್‌ನಿಂದ ಓದಬಹುದು, ಬರೆದರೆ ಮಾತ್ರ ಪ್ಯಾನಿಕ್. ಇನ್ನು ಎಲ್ಲರನ್ನೂ ಒಮ್ಮೆಯಾದರೂ ಕಾಡುವುದು ಇಂಟರ್‌ಫೇಸ್ ಒಳಗಿನ ನಿಲ್. ಇಂಟರ್‌ಫೇಸ್ ವ್ಯಾಲ್ಯೂ ಒಳಗೆ ಎರಡು ಭಾಗ ಇರುತ್ತವೆ, ಟೈಪ್ ಒಂದು, ವ್ಯಾಲ್ಯೂ ಒಂದು. ಎರಡೂ ಖಾಲಿ ಇದ್ದರೆ ಮಾತ್ರ ಅದು ನಿಲ್‌ಗೆ ಸಮ. ನೀವು ನಿಮ್ಮದೇ ಒಂದು ಎರರ್ ಟೈಪ್ ಮಾಡಿ, ಅದರ ನಿಲ್ ಪಾಯಿಂಟರ್ ಅನ್ನು ಎರರ್ ಎಂದು ವಾಪಸ್ ಕೊಟ್ಟರೆ, ವ್ಯಾಲ್ಯೂ ಖಾಲಿ ಆದರೆ ಟೈಪ್ ತುಂಬಿದೆ, ಆದ್ದರಿಂದ ಅದು ನಿಲ್ ಅಲ್ಲ. ಎರರ್ ಇಲ್ಲದೆಯೇ ಎರರ್ ಬಂತು ಎಂದು ಕೋಡ್ ಹೇಳುತ್ತಿರುತ್ತದೆ, ನೀವು ಅರ್ಧ ದಿನ ತಲೆ ಕೆರೆದುಕೊಳ್ಳುತ್ತಿರುತ್ತೀರಿ. ಪರಿಹಾರ ಸುಲಭ: ಫಂಕ್ಷನ್‌ನ ರಿಟರ್ನ್ ಟೈಪ್ ಯಾವಾಗಲೂ ಸಾಮಾನ್ಯ 'ಎರರ್' ಇಂಟರ್‌ಫೇಸ್ ಇರಲಿ, ತಪ್ಪಿಲ್ಲದಾಗ ಬರೀ ನಿಲ್ ಎಂದೇ ವಾಪಸ್ ಕೊಡಿ.

ಸ್ಪ್ರಿಂಗ್ ಎಲ್ಲಿ?

ಗೋಗೆ ಬಂದ ಜಾವಾ ಡೆವಲಪರ್ ಹುಡುಕುವ ಮೊದಲ ವಸ್ತು ಇದು. ಡಿಪೆಂಡೆನ್ಸಿ ಇಂಜೆಕ್ಷನ್‌ಗೆ, ಅಂದರೆ ಭಾಗಗಳನ್ನು ಒಂದಕ್ಕೊಂದು ಜೋಡಿಸಿಕೊಡಲು, ಯಾವ ಫ್ರೇಮ್‌ವರ್ಕ್ ಒಳ್ಳೇದು? ಇವೆ, ಬೇಕಾದರೆ ಸಿಗುತ್ತವೆ. ಆದರೆ ಮಧ್ಯಮ ಗಾತ್ರದ ಸರ್ವಿಸ್‌ಗೆ ಬೇಕಾಗುವುದಿಲ್ಲ. ಮೇನ್ ಫಂಕ್ಷನ್‌ನಲ್ಲಿ ಡೇಟಾಬೇಸ್ ತೆರೆಯಿರಿ, ಅದನ್ನು ಸ್ಟೋರ್‌ಗೆ ಕೊಡಿ, ಸ್ಟೋರ್ ಅನ್ನು ಸರ್ವಿಸ್‌ಗೆ ಕೊಡಿ, ಸರ್ವಿಸ್ ಅನ್ನು ಹ್ಯಾಂಡ್ಲರ್‌ಗೆ ಕೊಡಿ. ಐವತ್ತು ಸಾಲು ಆಗಬಹುದು. ಯಾವುದು ಯಾವುದಕ್ಕೆ ಜೋಡಣೆಯಾಗಿದೆ ಎಂದು ಮೇಲಿಂದ ಕೆಳಗೆ ಓದಿದರೆ ಗೊತ್ತಾಗುತ್ತದೆ. ಬೀನ್ ಯಾಕೆ ಸಿಗುತ್ತಿಲ್ಲ ಎಂದು ಸ್ಟಾರ್ಟಪ್ ಲಾಗ್ ಕೆದಕುವ ಕೆಲಸ ಇಲ್ಲ. ಎಚ್‌ಟಿಟಿಪಿ ರೌಟಿಂಗ್‌ಗೂ ಹಾಗೇ, 2024ರ ಫೆಬ್ರವರಿಯಲ್ಲಿ ಬಂದ 1.22ರಿಂದ ಮೆಥಡ್ ಮತ್ತು ಪಾತ್ ಪ್ಯಾರಾಮೀಟರ್ ಎರಡೂ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲೇ ಇವೆ.

ಫೋಲ್ಡರ್ ಜೋಡಣೆಯಲ್ಲಿ ಒಂದು ನಿಜವಾದ ಗೋಡೆ ಇದೆ. ಜಾವಾದಲ್ಲಿ ಎರಡು ಪ್ಯಾಕೇಜ್‌ಗಳು ಒಂದನ್ನೊಂದು ಇಂಪೋರ್ಟ್ ಮಾಡಿಕೊಂಡರೂ ಕಂಪೈಲರ್ ಕೇಳುವುದಿಲ್ಲ. ಗೋದಲ್ಲಿ ಅದು ಕಂಪೈಲ್ ಎರರ್. ಕಂಟ್ರೋಲರ್, ಸರ್ವಿಸ್, ಮಾಡೆಲ್, ಯುಟಿಲ್ ಎಂದು ಹಳೇ ಪದ್ಧತಿಯಲ್ಲೇ ಫೋಲ್ಡರ್ ಮಾಡಿಕೊಂಡು ಬಂದವರು ಒಂದು ದಿನ ಈ ಗೋಡೆಗೆ ಹೋಗಿ ಡಿಕ್ಕಿ ಹೊಡೆಯುತ್ತಾರೆ. ಆರ್ಡರ್, ಪೇಮೆಂಟ್, ಗ್ರಾಹಕ ಎಂದು ವಿಷಯದ ಪ್ರಕಾರ ಪ್ಯಾಕೇಜ್ ಮಾಡಿದರೆ ಈ ತಂಟೆ ಕಡಿಮೆ.

ಇಂಟರ್‌ಫೇಸ್ ದಿಕ್ಕೂ ಉಲ್ಟಾ. ಜಾವಾದಲ್ಲಿ ಕೊಡುವವನು ಇಂಟರ್‌ಫೇಸ್ ಬರೆದು, 'ನಾನು ಇದನ್ನು ಇಂಪ್ಲಿಮೆಂಟ್ ಮಾಡುತ್ತೇನೆ' ಎಂದು ಘೋಷಿಸಬೇಕು. ಗೋದಲ್ಲಿ ಘೋಷಣೆ ಇಲ್ಲ. ಬೇಕಾದ ಮೆಥಡ್‌ಗಳು ಇದ್ದರೆ ಸಾಕು. ಅದಕ್ಕೇ ಇಲ್ಲಿ ಬಳಸುವವನು ತನಗೆ ಬೇಕಾದ ಒಂದೆರಡು ಮೆಥಡ್‌ನ ಚಿಕ್ಕ ಇಂಟರ್‌ಫೇಸ್ ಅನ್ನು ತನ್ನ ಪ್ಯಾಕೇಜ್‌ನಲ್ಲೇ ಬರೆದುಕೊಳ್ಳುತ್ತಾನೆ. ಸ್ಟ್ಯಾಂಡರ್ಡ್ ಲೈಬ್ರರಿಯ 'ರೀಡರ್' ನೋಡಿ, ಒಂದೇ ಮೆಥಡ್. ಫೈಲ್, ನೆಟ್‌ವರ್ಕ್ ಕನೆಕ್ಷನ್, ಜಿಪ್ ಬಿಚ್ಚುವ ಕೋಡ್ ಎಲ್ಲ ಅದರಲ್ಲಿ ಹಿಡಿಸುತ್ತವೆ. ಪ್ರತಿ ಸರ್ವಿಸ್‌ಗೂ ಒಂದು ಇಂಟರ್‌ಫೇಸ್, ಅದರ ಪಕ್ಕ 'ಇಂಪ್ಲ್' ಎಂದು ಕೊನೆಯಾಗುವ ಒಂದು ಸ್ಟ್ರಕ್ಟ್ ಕಂಡರೆ ಬರೆದವರು ಎಲ್ಲಿಂದ ಬಂದಿದ್ದಾರೆ ಎಂದು ಕೇಳುವುದೇ ಬೇಡ.

ಗೋರೂಟೀನ್: ಶುರು ಮಾಡುವುದು ಸುಲಭ

ಗೋರೂಟೀನ್ ಎಂದರೆ ಗೋದ ಹಗುರ ಥ್ರೆಡ್, ಎಲ್ಲರೂ ಗೋ ಹೊಗಳುವುದು ಇದಕ್ಕೇ. ಸಾಮಾನ್ಯ ಜಾವಾ ಥ್ರೆಡ್ 64 ಬಿಟ್ ಲಿನಕ್ಸ್‌ನಲ್ಲಿ ಸ್ಟ್ಯಾಕ್‌ಗೆಂದು 1 ಎಂಬಿ ಕಾದಿರಿಸುತ್ತದೆ. ಗೋರೂಟೀನ್ 2 ಕೆಬಿಯಿಂದ ಶುರುವಾಗಿ ಬೇಕಾದರೆ ಬೆಳೆಯುತ್ತದೆ. ಫಂಕ್ಷನ್ ಕರೆಯುವ ಮುಂಚೆ 'ಗೋ' ಎಂದು ಎರಡಕ್ಷರ ಬರೆದರೆ ಸಾಕು. ಲಕ್ಷ ಗೋರೂಟೀನ್ ಒಂದು ಲ್ಯಾಪ್‌ಟಾಪ್‌ನಲ್ಲಿ ಆರಾಮಾಗಿ ಓಡುತ್ತವೆ.

ಈಗ ಅದೇ ಪ್ರಶ್ನೆ ಕೇಳಿ. ಜಾವಾದಲ್ಲಿ ಒಟ್ಟಿಗೆ ಎಷ್ಟು ಕೆಲಸ ನಡೆಯಬಹುದು ಎಂದು ಮಿತಿ ಹಾಕುತ್ತಿದ್ದವರು ಯಾರು? ಥ್ರೆಡ್ ಪೂಲ್. ನೀವು ಗಮನಿಸದೇ ಇದ್ದರೂ ಸ್ಪ್ರಿಂಗ್ ಬೂಟ್ ಒಳಗಿನ ವೆಬ್ ಸರ್ವರ್ ಟಾಮ್‌ಕ್ಯಾಟ್ 200 ಥ್ರೆಡ್ ಎಂದು ಮಿತಿ ಇಟ್ಟಿರುತ್ತಿತ್ತು. ಗೋದಲ್ಲಿ ಅಂಥ ಮಿತಿ ಯಾರೂ ಇಟ್ಟಿಲ್ಲ. ಹತ್ತು ಸಾವಿರ ಸಾಲಿನ ಫೈಲ್ ಓದಿ ಪ್ರತಿ ಸಾಲಿಗೂ ಒಂದು ಗೋರೂಟೀನ್ ಬಿಟ್ಟರೆ ಗೋಗೆ ಏನೂ ಆಗುವುದಿಲ್ಲ, ಪಕ್ಕದ ಟೀಮ್‌ನ ಎಪಿಐ ಮಕಾಡೆ ಮಲಗುತ್ತದೆ. ಮಿತಿ ಹಾಕುವುದು ನಿಮ್ಮ ಕೆಲಸ. ಎರರ್‌ಗ್ರೂಪ್ ಪ್ಯಾಕೇಜ್‌ನಲ್ಲಿ ಅದಕ್ಕೆ ದಾರಿ ಇದೆ.

ಗೋರೂಟೀನ್ ಮುಗಿಯುವುದನ್ನು ನೋಡಿಕೊಳ್ಳುವವರು ಯಾರು? ಅದೂ ನೀವೇ. ಒಂದು ಚಾನೆಲ್‌ಗೆ (ಗೋರೂಟೀನ್‌ಗಳ ನಡುವೆ ಡೇಟಾ ಸಾಗಿಸುವ ಕೊಳವೆ) ಬರೆಯಲು ನಿಂತ ಗೋರೂಟೀನ್, ಆ ಕಡೆ ಓದುವವರು ಹೊರಟುಹೋದರೆ, ಪ್ರೋಗ್ರಾಮ್ ಸಾಯುವವರೆಗೂ ಅಲ್ಲೇ ನಿಂತಿರುತ್ತದೆ. ಬಳಕೆಯಿಲ್ಲದ ಮೆಮೊರಿ ತೆರವು ಮಾಡುವ ಗಾರ್ಬೇಜ್ ಕಲೆಕ್ಟರ್ ಅದನ್ನು ಎತ್ತಿಕೊಂಡು ಹೋಗುವುದಿಲ್ಲ. ರಿಕ್ವೆಸ್ಟ್‌ಗೆ ಒಂದೊಂದೇ ಸೋರಿದರೂ ಮೆಮೊರಿ ಗ್ರಾಫ್ ಮೆಟ್ಟಿಲು ಹತ್ತುತ್ತಾ ಹೋಗುತ್ತದೆ. ಅದಕ್ಕೇ ಗೋ ಎಂದು ಬರೆಯುವ ಮುನ್ನ, ಇದು ಯಾವಾಗ ನಿಲ್ಲುತ್ತದೆ, ನಿಲ್ಲು ಎಂದು ಯಾರು ಹೇಳುತ್ತಾರೆ, ಎರಡಕ್ಕೂ ಉತ್ತರ ಇರಬೇಕು. ಆ ನಿಲ್ಲು ಎಂಬ ಮಾತನ್ನು ಹೊತ್ತು ತರುವುದೇ 'ಕಾಂಟೆಕ್ಸ್ಟ್'. ಪ್ರತಿ ಫಂಕ್ಷನ್‌ನ ಮೊದಲ ಪ್ಯಾರಾಮೀಟರ್ ಆಗಿ ಅದು ಯಾಕೆ ಓಡಾಡುತ್ತಿರುತ್ತದೆ ಎಂದರೆ, ಜಾವಾದ ಥ್ರೆಡ್‌ಲೋಕಲ್‌ನಂಥದ್ದು ಇಲ್ಲಿಲ್ಲ. ರಿಕ್ವೆಸ್ಟ್ ಐಡಿ ತಾನಾಗಿಯೇ ಎಲ್ಲ ಲಾಗ್ ಸಾಲಿಗೂ ಬಂದು ಕೂರುತ್ತಿತ್ತಲ್ಲ, ಅದನ್ನು ಈಗ ಕೈಯಿಂದ ಕೈಗೆ ದಾಟಿಸಬೇಕು.

ಎಲ್ಲಕ್ಕಿಂತ ಅಪಾಯದ ವ್ಯತ್ಯಾಸ ಇನ್ನೊಂದಿದೆ. ಜಾವಾದಲ್ಲಿ ಒಂದು ಥ್ರೆಡ್‌ನಲ್ಲಿ ಯಾರೂ ಹಿಡಿಯದ ಎಕ್ಸೆಪ್ಷನ್ ಎದ್ದರೆ ಆ ಥ್ರೆಡ್ ಸಾಯುತ್ತದೆ, ಉಳಿದವು ನಡೆಯುತ್ತಿರುತ್ತವೆ. ಗೋದಲ್ಲಿ ಒಂದು ಗೋರೂಟೀನ್‌ನಲ್ಲಿ ಯಾರೂ ಹಿಡಿಯದ ಪ್ಯಾನಿಕ್ ಆದರೆ ಇಡೀ ಪ್ರೋಗ್ರಾಮ್ ಸಾಯುತ್ತದೆ. ಎಚ್‌ಟಿಟಿಪಿ ಸರ್ವರ್ ತನ್ನ ಹ್ಯಾಂಡ್ಲರ್‌ಗಳ ಪ್ಯಾನಿಕ್ ಅನ್ನು ತಾನೇ ಹಿಡಿಯುತ್ತದೆ, ಅದನ್ನು ನೋಡಿ ಜನ ಧೈರ್ಯ ತಂದುಕೊಳ್ಳುತ್ತಾರೆ. ಆದರೆ ಆ ಹ್ಯಾಂಡ್ಲರ್ ಒಳಗಿಂದ ನೀವು ಈಮೇಲ್ ಕಳಿಸಲೆಂದು ಬಿಟ್ಟ ಗೋರೂಟೀನ್‌ಗೆ ಆ ರಕ್ಷಣೆ ಇಲ್ಲ. ಈಮೇಲ್ ಟೆಂಪ್ಲೇಟ್‌ನ ಒಂದು ನಿಲ್ ಪಾಯಿಂಟರ್, ಆ ಕ್ಷಣಕ್ಕೆ ಪೇಮೆಂಟ್ ಮಾಡುತ್ತಿದ್ದ ಎಲ್ಲರ ರಿಕ್ವೆಸ್ಟ್‌ ಅನ್ನೂ ಹೊತ್ತುಕೊಂಡು ಹೋಗುತ್ತದೆ. ಒಂದೇ ಮ್ಯಾಪ್‌ಗೆ ಎರಡು ಗೋರೂಟೀನ್ ಒಟ್ಟಿಗೆ ಬರೆದದ್ದು ರನ್‌ಟೈಮ್ ಕಣ್ಣಿಗೆ ಬಿದ್ದರಂತೂ ರಿಕವರ್ ಕೂಡ ಕೆಲಸ ಮಾಡುವುದಿಲ್ಲ, ನೇರ ಸಾವು. ಇಂಥ ಘರ್ಷಣೆ ಮೊದಲೇ ಸಿಗಲೆಂದು ಟೆಸ್ಟ್ ಓಡಿಸುವಾಗ 'ರೇಸ್' ಫ್ಲ್ಯಾಗ್ ಹಾಕಿ ಓಡಿಸಿ. ನಿಧಾನ ಆಗುತ್ತದೆ, ಆಗಲಿ.

ಒಂದು ಮಾತು ಇಲ್ಲೇ ಹೇಳಬೇಕು. ಹಗುರ ಥ್ರೆಡ್ ಬೇಕು ಎನ್ನುವುದೊಂದೇ ನಿಮ್ಮ ಟೀಮ್‌ನ ಕಾರಣವಾಗಿದ್ದರೆ, 2023ರ ಸೆಪ್ಟೆಂಬರ್‌ನಲ್ಲಿ ಬಂದ ಜಾವಾ 21ರಲ್ಲಿ ವರ್ಚುವಲ್ ಥ್ರೆಡ್ ಇದೆ. ಭಾಷೆ ಬದಲಿಸುವುದಕ್ಕಿಂತ ಜಾವಾ 8ರಿಂದ 21ಕ್ಕೆ ಹೋಗುವುದು ಅಗ್ಗ. ಬೇಗ ಶುರುವಾಗುವ ಚಿಕ್ಕ ಬೈನರಿ ಬೇಕು, ಕಂಟೇನರ್‌ಗಳನ್ನು ನಡೆಸುವ ಕುಬರ್ನೆಟಿಸ್ ಸುತ್ತ ಟೂಲ್ ಬರೆಯಬೇಕು ಎಂದಿದ್ದರೆ ಗೋ ಸರಿಯಾದ ಕಾರಣಕ್ಕೇ ಬರುತ್ತಿದೆ. ಡಾಕರ್, ಕುಬರ್ನೆಟಿಸ್ ಎರಡೂ ಗೋದಲ್ಲೇ ಬರೆದವು.

ಕನ್ನಡ ಅಕ್ಷರ ತುಂಡಾಗುವ ಕತೆ

ಇಂಗ್ಲಿಷ್ ಟ್ಯುಟೋರಿಯಲ್‌ಗಳು ಇದನ್ನು ಒಂದು ಸಾಲಲ್ಲಿ ಮುಗಿಸುತ್ತವೆ. ನಮಗೆ ಅಷ್ಟು ಸಾಲದು. 'ಕನ್ನಡ' ಎಂಬ ಸ್ಟ್ರಿಂಗ್‌ನ ಉದ್ದ ಎಷ್ಟು? ಕಣ್ಣಿಗೆ ಮೂರು ಅಕ್ಷರ. ಜಾವಾ 5 ಎನ್ನುತ್ತದೆ: ಕ, ನ, ಹಲಂತ ಚಿಹ್ನೆ (್), ನ, ಡ. ಗೋದ ಲೆನ್ 15 ಎನ್ನುತ್ತದೆ. ಯಾಕೆಂದರೆ ಗೋದ ಸ್ಟ್ರಿಂಗ್ ಎಂದರೆ ಬರೀ ಬೈಟ್‌ಗಳ ಸಾಲು, ಮತ್ತು ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು.

ಇದಕ್ಕೊಂದು ಹಿನ್ನೆಲೆ ಇದೆ. ಯುನಿಕೋಡ್ ಎಂದರೆ 16 ಬಿಟ್‌ನಲ್ಲಿ ಎಲ್ಲ ಮುಗಿಯುತ್ತದೆ ಎಂದು ಜನ ನಂಬಿದ್ದ ಕಾಲದಲ್ಲಿ, 1995ರಲ್ಲಿ, ಜಾವಾ ಹೊರಗೆ ಬಂತು. ಅದಕ್ಕೇ ಅದರ ಕ್ಯಾರೆಕ್ಟರ್ 16 ಬಿಟ್. ಇತ್ತ ಯುಟಿಎಫ್-8 ವಿನ್ಯಾಸ ಮಾಡಿದ್ದು 1992ರಲ್ಲಿ, ಇದೇ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್. ಅವರು ತಮ್ಮ ಭಾಷೆಗೆ ತಮ್ಮದೇ ಎನ್‌ಕೋಡಿಂಗ್ ಹಾಕಿಕೊಂಡರು, ಅದರಲ್ಲಿ ಆಶ್ಚರ್ಯವೇನಿಲ್ಲ.

ಪೆಟ್ಟು ಬೀಳುವುದು ಕತ್ತರಿಸುವಾಗ. ನೋಟಿಫಿಕೇಶನ್‌ಗೆ ಹೆಸರು ಚಿಕ್ಕದು ಮಾಡಬೇಕು, ಮೊದಲ 10 ಇರಲಿ ಎಂದು ಜಾವಾದಲ್ಲಿ ಸಬ್‌ಸ್ಟ್ರಿಂಗ್ ಬರೆದವರು ಗೋದಲ್ಲೂ ಹಾಗೇ ಸ್ಲೈಸ್ ಮಾಡುತ್ತಾರೆ. ಇಂಗ್ಲಿಷ್ ಹೆಸರಿಗೆ ಎರಡರಲ್ಲೂ ಒಂದೇ ಉತ್ತರ, ಹಾಗಾಗಿ ಟೆಸ್ಟ್ ಪಾಸ್. ಕನ್ನಡ ಹೆಸರು ಬಂದಾಗ 10 ಬೈಟ್ ಎಂದರೆ ಮೂರು ಸಂಕೇತ ಮತ್ತು ನಾಲ್ಕನೆಯದರ ಮೂರನೇ ಒಂದು ಭಾಗ. ಪರದೆ ಮೇಲೆ ಪ್ರಶ್ನೆ ಗುರುತಿನ ಕರಿ ವಜ್ರ ಕೂರುತ್ತದೆ. ಜಾವಾದಲ್ಲಿ ಕನ್ನಡದ ಸಂಕೇತ ಹೀಗೆ ಮಧ್ಯಕ್ಕೆ ತುಂಡಾಗುತ್ತಿರಲಿಲ್ಲ. ಗೋದಲ್ಲಿ ಸ್ಟ್ರಿಂಗ್ ಅನ್ನು ಮೊದಲು 'ರೂನ್' (ಒಂದು ಯುನಿಕೋಡ್ ಸಂಕೇತ) ಸ್ಲೈಸ್ ಮಾಡಿಕೊಂಡು ಆಮೇಲೆ ಕತ್ತರಿಸಿದರೆ ವಜ್ರ ಹೋಗುತ್ತದೆ. ಆದರೆ 'ಕನ್ನಡ'ದ ಮೊದಲ ಮೂರು ರೂನ್ ತೆಗೆದರೆ 'ಕನ್' ಉಳಿಯುತ್ತದೆ, ಒತ್ತಕ್ಷರ ಮುರಿದಿದೆ. ಇದು ಜಾವಾದಲ್ಲೂ ಇದ್ದ ತೊಂದರೆಯೇ. ಅಕ್ಷರ ಗುಂಪು ಎಣಿಸುವ ಲೈಬ್ರರಿಗಳಿವೆ, ಆದರೆ ಬಳಸುವ ಮುನ್ನ ಕ್ಷ, ಸ್ತ್ರೀ, ಕನ್ನಡ ಇಂಥ ನಾಲ್ಕು ಪದ ಕೊಟ್ಟು ನೀವೇ ಪರೀಕ್ಷೆ ಮಾಡಿ. ನಿಮ್ಮ ಟೆಸ್ಟ್ ಡೇಟಾದಲ್ಲಿ ಒಂದಾದರೂ ಕನ್ನಡ ಹೆಸರು ಇರಲಿ.

ಇನ್ನೊಂದು ಚಿಕ್ಕ ತಮಾಷೆ. ಜಾವಾದಲ್ಲಿ ದಿನಾಂಕದ ರೂಪ ಹೇಳಲು ವೈ, ಎಂ, ಡಿ ಅಕ್ಷರ ಬಳಸುತ್ತೀರಿ. ಗೋದಲ್ಲಿ ಒಂದು ಗೊತ್ತಾದ ದಿನವನ್ನು ನಿಮಗೆ ಬೇಕಾದ ರೂಪದಲ್ಲಿ ಬರೆದು ತೋರಿಸಬೇಕು: 2006ರ ಜನವರಿ 2, ಮಧ್ಯಾಹ್ನ 3 ಗಂಟೆ 4 ನಿಮಿಷ 5 ಸೆಕೆಂಡ್. ತಿಂಗಳು 1, ದಿನ 2, ಗಂಟೆ 3, ನಿಮಿಷ 4, ಸೆಕೆಂಡ್ 5, ವರ್ಷ 6. ಅಲ್ಲಿ ಇವತ್ತಿನ ತಾರೀಕು ಹಾಕಿದರೆ ಕಂಪೈಲ್ ಆಗುತ್ತದೆ, ಉತ್ತರ ಮಾತ್ರ ಅಸಂಬದ್ಧ.

ಕೆಲಸದ ಮಧ್ಯೆ ಕಲಿಯುವುದು

ಹಳೇ ಸರ್ವಿಸ್ ಅನ್ನು ಪೂರ್ತಿ ಹೊಸ ಭಾಷೆಯಲ್ಲಿ ತಿರುಗಿ ಬರೆಯುವುದರಿಂದ ಶುರು ಮಾಡಬೇಡಿ. ಅದರಲ್ಲಿ ಎರಡು ಅಪರಿಚಿತ ಸಂಗತಿ ಒಟ್ಟಿಗೆ ಇರುತ್ತವೆ, ಹೊಸ ಭಾಷೆ ಒಂದು, ಯಾರೂ ಬರೆದಿಡದ ಹಳೇ ನಿಯಮಗಳು ಇನ್ನೊಂದು. ಏನಾದರೂ ಕೆಟ್ಟರೆ ಯಾವುದರಿಂದ ಕೆಟ್ಟಿತು ಎಂದು ಹೇಳಲಾಗುವುದಿಲ್ಲ. ರಾತ್ರಿ ಓಡುವ ಒಂದು ಕ್ರಾನ್ ಜಾಬ್, ಅಥವಾ ಟೀಮ್ ಒಳಗೆ ಬಳಸುವ ಕಮಾಂಡ್ ಲೈನ್ ಟೂಲ್ ಒಳ್ಳೇದು. ಎರಡನೆಯದಾಗಿ ಒಂದು ಚಿಕ್ಕ ಸರ್ವಿಸ್, ಡೇಟಾಬೇಸ್‌ ಮತ್ತು ಒಂದು ಹೊರಗಿನ ಎಪಿಐ ಇರುವಂಥದ್ದು. ಅಲ್ಲಿ ಮೇಲೆ ಹೇಳಿದ ಎಲ್ಲವೂ ಒಮ್ಮೆ ಎದುರಾಗುತ್ತವೆ.

ದೊಡ್ಡವರು ಹೇಗೆ ಮಾಡುತ್ತಾರೆ ನೋಡಬೇಕೆಂದರೆ 2025ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ಟೈಪ್‌ಸ್ಕ್ರಿಪ್ಟ್ ಕಂಪೈಲರ್ ಅನ್ನು ಗೋಗೆ ತರುತ್ತಿದ್ದೇವೆ ಎಂದು ಘೋಷಿಸಿದ್ದು ಒಳ್ಳೇ ಉದಾಹರಣೆ. ಅದನ್ನು ಮುನ್ನಡೆಸಿದ್ದು ಆಂಡರ್ಸ್ ಹೈಲ್ಸ್‌ಬರ್ಗ್, ಸಿ ಶಾರ್ಪ್ ಭಾಷೆಯನ್ನು ರೂಪಿಸಿದವರು. ತಮ್ಮದೇ ಸಿ ಶಾರ್ಪ್ ಇರಲಿ, ಎಲ್ಲರೂ ಕೂಗುತ್ತಿದ್ದ ರಸ್ಟ್ ಇರಲಿ, ಎರಡನ್ನೂ ಬಿಟ್ಟು ಗೋ ಆರಿಸಿದ್ದಕ್ಕೆ ಒಂದು ಕಾರಣ, ಹಳೇ ಕೋಡ್‌ನ ರಚನೆ ಗೋಗೆ ಹತ್ತಿರ ಇತ್ತು, ಹೊಸದಾಗಿ ಯೋಚಿಸಿ ಬರೆಯುವ ಬದಲು ಫಂಕ್ಷನ್ ಫಂಕ್ಷನ್ ಆಗಿ ದಾಟಿಸಬಹುದಿತ್ತು. ವಿಎಸ್ ಕೋಡ್ ಎಡಿಟರ್‌ನ ಕೋಡ್ ಪರಿಶೀಲಿಸಲು ಸುಮಾರು 78 ಸೆಕೆಂಡ್ ಹಿಡಿಯುತ್ತಿದ್ದದ್ದು ಏಳೂವರೆಗೆ ಇಳಿಯಿತು. ಭಾಷೆಯ ಆಯ್ಕೆ ಅಭಿಮಾನದ ಪ್ರಶ್ನೆ ಎಂದುಕೊಂಡವರು ಇದನ್ನು ಗಮನಿಸಬೇಕು. ಉಲ್ಟಾ ದಾರಿಯೂ ಇದೆ. ಚಾಟ್ ಸೇವೆಯಾದ ಡಿಸ್ಕಾರ್ಡ್ ತನ್ನ ಒಂದು ಸರ್ವಿಸ್ ಅನ್ನು ಗೋದಿಂದ ರಸ್ಟ್‌ಗೆ ಒಯ್ದದ್ದರ ಬಗ್ಗೆ 2020ರಲ್ಲಿ ಬರೆಯಿತು. ಏನೂ ಗಾರ್ಬೇಜ್ ಇಲ್ಲದಿದ್ದರೂ ಗೋ ಕನಿಷ್ಠ ಎರಡು ನಿಮಿಷಕ್ಕೊಮ್ಮೆ ಕಲೆಕ್ಟರ್ ಓಡಿಸುತ್ತದೆ, ಅವರ ದೊಡ್ಡ ಕ್ಯಾಶ್‌ಗೆ ಅದೇ ತಡೆಯಾಗಿತ್ತು.

ಉತ್ತರ ಹುಡುಕುವಾಗ ತಾರೀಕು ನೋಡಿ. 2022ರ ಮಾರ್ಚ್‌ಗಿಂತ ಹಿಂದಿನ ಉತ್ತರಗಳು ಗೋದಲ್ಲಿ ಜೆನೆರಿಕ್ಸ್ ಇಲ್ಲ ಎನ್ನುತ್ತವೆ, 1.18ರಲ್ಲಿ ಬಂತು. 1.22ಕ್ಕಿಂತ ಮುಂಚಿನವು ಲೂಪ್ ವೇರಿಯಬಲ್ ಅನ್ನು ಒಳಗೆ ಇನ್ನೊಮ್ಮೆ ಕಾಪಿ ಮಾಡಿಕೊಳ್ಳಿ ಎನ್ನುತ್ತವೆ, ಈಗ ಬೇಕಾಗಿಲ್ಲ. ಎಐ ಸಹಾಯಕರೂ ಈ ಹಳೇ ಉತ್ತರ ಓದಿಯೇ ಬೆಳೆದವು. ಅವಕ್ಕೆ ಜಾವಾ ಕ್ಲಾಸ್ ಕೊಟ್ಟು ಗೋ ಮಾಡಿಕೊಡು ಎಂದರೆ ಸಾಮಾನ್ಯವಾಗಿ ಜಾವಾದ ಆಕಾರದ್ದೇ ಗೋ ಸಿಗುತ್ತದೆ. ಕೋಡ್ ಕೊಡಬೇಡಿ, ಏನಾಗಬೇಕು ಎಂದು ಹೇಳಿ ಕೇಳಿ, ಬಂದದ್ದನ್ನು ಸ್ಟ್ಯಾಂಡರ್ಡ್ ಲೈಬ್ರರಿಯ ಕೋಡ್ ಜೊತೆ ಹೋಲಿಸಿ ನೋಡಿ. ಆ ಲೈಬ್ರರಿ ಗೋದಲ್ಲೇ ಬರೆದದ್ದು, ಓದಲು ಸುಲಭ, ಅದಕ್ಕಿಂತ ಒಳ್ಳೇ ಪಠ್ಯ ನನಗೆ ಗೊತ್ತಿಲ್ಲ. ಅನುಭವ ಇರುವ ಒಬ್ಬರು ರಿವ್ಯೂ ಮಾಡಿದರೆ ಅರ್ಧ ಕಲಿಕೆ ಅಲ್ಲೇ ಆಗುತ್ತದೆ, ಟೀಮ್‌ನಲ್ಲಿ ಯಾರೂ ಇಲ್ಲದಿದ್ದರೆ ಪಕ್ಕದ ಟೀಮ್‌ನಿಂದ ವಾರಕ್ಕೊಂದು ಗಂಟೆ ಸಾಲ ಕೇಳಿ.

ಇಷ್ಟು ವರ್ಷದ ಜಾವಾ ಅನುಭವ ವ್ಯರ್ಥವಾಗುತ್ತದಾ, ಮುಂದಿನ ಇಂಟರ್‌ವ್ಯೂನಲ್ಲಿ ಏನು ಹೇಳುವುದು ಎಂಬ ಅಳುಕು ಹಲವರಿಗೆ ಇರುತ್ತದೆ. ಡೇಟಾಬೇಸ್ ಇಂಡೆಕ್ಸ್, ರಿಟ್ರೈ, ಟೈಮ್‌ಔಟ್, ಕ್ಯೂ, ಗ್ರಾಹಕರ ದೂರು ಇವೆಲ್ಲ ಯಾವ ಭಾಷೆಗೂ ಸೇರಿದ್ದಲ್ಲ, ಅವು ನಿಮ್ಮ ಜೊತೆ ಬರುತ್ತವೆ.

ಆನ್-ಕಾಲ್ ಸರದಿಯಲ್ಲಿ ಹೆಸರು ಬರುವ ಮುನ್ನ

ಕಂಟೇನರ್ ಸೆಟ್ಟಿಂಗ್ ಕೊನೆಗೆ ನೋಡೋಣ ಎಂದು ಬಿಡುತ್ತಾರೆ, ಬಿಡಬೇಡಿ. ಜಾವಾದಲ್ಲಿ ಹೀಪ್‌ಗೆ ಒಂದು ಗರಿಷ್ಠ ಮಿತಿ ಯಾವಾಗಲೂ ಇರುತ್ತದೆ, ನೀವು ಹಾಕದಿದ್ದರೆ ಜೆವಿಎಂ ತಾನೇ ಒಂದು ಹಾಕಿಕೊಳ್ಳುತ್ತದೆ. ಗೋದಲ್ಲಿ ಅಂಥ ಮಿತಿ ಇಲ್ಲ. ಪಾಡ್‌ಗೆ (ಕುಬರ್ನೆಟಿಸ್‌ನಲ್ಲಿ ಸರ್ವಿಸ್ ಓಡುವ ಜಾಗ) 512 ಎಂಬಿ ಎಂದು ನೀವು ಬರೆದದ್ದು ಗೋಗೆ ತಿಳಿಯುವುದಿಲ್ಲ, ಅದು ದಾಟಿದ ಕ್ಷಣ ಕರ್ನಲ್ ಪ್ರೋಗ್ರಾಮ್ ಅನ್ನು ಕೊಲ್ಲುತ್ತದೆ. 2022ರ 1.19ರಿಂದ ಗೋಮೆಮ್‌ಲಿಮಿಟ್ (GOMEMLIMIT) ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಇದೆ. ಪಾಡ್ ಮಿತಿಗಿಂತ ಸ್ವಲ್ಪ ಕೆಳಗೆ ಅದನ್ನು ಇಡಿ. ಅದು ಕಟ್ಟುನಿಟ್ಟಿನ ಮಿತಿಯಲ್ಲ, ಹತ್ತಿರ ಬಂದಾಗ ಕಲೆಕ್ಟರ್ ಜೋರಾಗಿ ಕೆಲಸ ಮಾಡುತ್ತದೆ ಅಷ್ಟೇ. ಸಿಪಿಯು ಲೆಕ್ಕವೂ ಹಾಗೇ ಇತ್ತು: ಪಾಡ್‌ಗೆ ಎರಡು ಕೋರ್ ಕೊಟ್ಟಿದ್ದರೂ ಗೋ ಇಡೀ ಮಷೀನ್‌ನ 64 ಕೋರ್ ನೋಡಿ ಲೆಕ್ಕ ಹಾಕಿಕೊಳ್ಳುತ್ತಿತ್ತು. 2025ರ ಆಗಸ್ಟ್‌ನ 1.25ರಲ್ಲಿ ಇದು ಸರಿಯಾಯಿತು. ಅದಕ್ಕಿಂತ ಹಳೇ ವರ್ಷನ್‌ನಲ್ಲಿದ್ದರೆ ಕೈಯಲ್ಲೇ ಹೇಳಬೇಕು.

ಇನ್ನು ಥ್ರೆಡ್ ಡಂಪ್. ಸರ್ವಿಸ್ ಸಿಕ್ಕಿಕೊಂಡಂತೆ ಕಂಡಾಗ ಜಾವಾದವರ ಬೆರಳು ತಾನಾಗಿಯೇ ಕಿಲ್ ಮೈನಸ್ 3 ಟೈಪ್ ಮಾಡುತ್ತದೆ. ಜೆವಿಎಂ ಎಲ್ಲ ಥ್ರೆಡ್‌ಗಳ ಸ್ಥಿತಿ ಬರೆದು, ತನ್ನ ಪಾಡಿಗೆ ಮುಂದುವರಿಯುತ್ತದೆ. ಗೋ ಪ್ರೋಗ್ರಾಮ್‌ಗೆ ಅದೇ ಸಿಗ್ನಲ್ ಕಳಿಸಿದರೆ ಡಂಪ್ ಬರೆದು ಸತ್ತುಹೋಗುತ್ತದೆ. ಸಾಯಿಸದೆ ನೋಡಬೇಕೆಂದರೆ ಗೋ ಜೊತೆಗೇ ಬರುವ ಪಿಪ್ರಾಫ್ ಎಂಬ ಪ್ಯಾಕೇಜ್ ಬೇಕು. ಅದರ ಗೋರೂಟೀನ್ ಪುಟ ತೆರೆದರೆ ಎಷ್ಟು ಗೋರೂಟೀನ್ ಯಾವ ಸಾಲಿನಲ್ಲಿ ನಿಂತಿವೆ ಎಂದು ಗುಂಪು ಗುಂಪಾಗಿ ತೋರಿಸುತ್ತದೆ. ಆದರೆ ಆ ಪ್ಯಾಕೇಜ್ ಅನ್ನು ಮೊದಲೇ ಇಂಪೋರ್ಟ್ ಮಾಡಿ, ಹೊರಗಿನವರಿಗೆ ಕಾಣದ ಒಂದು ಬೇರೆ ಪೋರ್ಟ್‌ನಲ್ಲಿ ತೆರೆದಿಟ್ಟು ಡಿಪ್ಲಾಯ್ ಮಾಡಿರಬೇಕು. ಸರ್ವಿಸ್ ಸಿಕ್ಕಿಕೊಂಡ ಮೇಲೆ ಸೇರಿಸಲು ಆಗುವುದಿಲ್ಲ.